ಸುಗಂಧಿಯ ಹಳದಿ ಅಂಗಿ

ಕಡಲ ಬದಿಯಲ್ಲಿ ಒಂದು ಊರು. ಊರಿಗೊಂದು ಆಟದ ಬಯಲು. ಬಯಲಲ್ಲಿ ಆಡುವ ಮಕ್ಕಳದೊಂದು ಫುಟ್‌ಬಾಲ್ ತಂಡ. ತಂಡದವರಿಗೆಲ್ಲ ನೀಲಿ ಅಂಗಿ. ಒಬ್ಬಳಿಗೆ ಮಾತ್ರ ಉದ್ದ ತೋಳಿನ ಹಳದಿ ಅಂಗಿ. ಅವಳ ಹೆಸರು ಸುಗಂಧಿ. ಅವಳು ಗೋಲ್‌ಕೀಪರ್. ಗೋಲಿನ ಬಾಯಲ್ಲಿ ನಿಲ್ಲುವವಳು. ಬಂದ ಚೆಂಡನ್ನು ಕೈಯಲ್ಲಿ ಹಿಡಿಯುವವಳು.

ಒಂದು ದಿನ ಸಂಜೆ ಆಚೆ ಊರಿನ ಕೆಂಪು ಅಂಗಿಯವರ ಜೊತೆ ಆಟ ಇತ್ತು. ಬೆಳಿಗ್ಗೆ ಅಮ್ಮ ಹಳದಿ ಅಂಗಿ ಒಗೆದು ಬೇಲಿಯ ಮೇಲೆ ಹಾಕಿದಳು. ಗಾಳಿ ಬಂತು. ಮಧ್ಯಾಹ್ನ ನೋಡಿದರೆ ಬೇಲಿ ಇದೆ, ಅಂಗಿ ಇಲ್ಲ.

ಸುಗಂಧಿ ಬಯಲಿಗೆ ಓಡಿದಳು. ಅಲ್ಲಿ ಲಾದ್ರು ಮಾಮ ಸುಣ್ಣದ ಗೆರೆ ಎಳೆಯುತ್ತಿದ್ದರು. ಅವರು ಆಟದ ರೆಫ್ರಿ. ಕುತ್ತಿಗೆಯಲ್ಲಿ ವಿಸಿಲ್, ಮುಖದಲ್ಲಿ ಮೀಸೆ, ಬಾಯಲ್ಲಿ ಕಾನೂನು.

"ಮಾಮ, ನನ್ನ ಹಳದಿ ಅಂಗಿ ಕಾಣುವುದಿಲ್ಲ. ಇವತ್ತೊಂದು ದಿನ ನೀಲಿ ಅಂಗಿ ಹಾಕಿ ನಿಲ್ಲಲಾ?"

"ಆಗುವುದಿಲ್ಲ."

"ಯಾಕೆ ಮಾಮ?"

"ಚೆಂಡನ್ನು ಕೈಯಲ್ಲಿ ಹಿಡಿಯಬಹುದಾದವಳು ನೀನೊಬ್ಬಳೇ. ಬೇರೆಯವರು ಹಿಡಿದರೆ ತಪ್ಪು. ಗೋಲಿನ ಮುಂದೆ ನೀವೆಲ್ಲ ರಾಶಿ ಬೀಳುತ್ತೀರಿ. ಮೇಲೊಂದು ಕಾಲು, ಕೆಳಗೊಂದು ತಲೆ. ನಡುವಿನಿಂದ ಒಂದು ಕೈ ಬಂದು ಚೆಂಡು ಮುಟ್ಟಿತು. ಎಲ್ಲರೂ ನೀಲಿಯಾದರೆ ಅದು ಯಾರ ಕೈ ಅಂತ ನನಗೆ ಗೊತ್ತಾಗುವುದು ಹೇಗೆ?"

"ನನ್ನದೇ ಕೈ ಅಂತ ನಾನು ಹೇಳುತ್ತೇನೆ ಮಾಮ."

"ನೀನು ಹೇಳುತ್ತೀ. ಯಾರ ಕೈ ತಾಗಿದರೂ ನಿನ್ನ ತಂಡದವರೆಲ್ಲ ನಿನ್ನ ಹೆಸರೇ ಹೇಳುತ್ತಾರೆ. ನಿಮ್ಮವರಿಗೆ ನೀಲಿ. ಅವರಿಗೆ ಕೆಂಪು. ನನಗೆ ಕಪ್ಪು. ನಿನಗೆ ಹಳದಿ. ಅಂಗಿ ಇದ್ದರೆ ಆಟ. ಇಲ್ಲದಿದ್ದರೆ ಗೆರೆಯಾಚೆ ಕೂತು ನೋಟ."

ಸುಗಂಧಿಯ ಮುಖ ಇಷ್ಟು ಸಣ್ಣದಾಯಿತು. ಅವಳಿಲ್ಲದಿದ್ದರೆ ನೀಲಿ ಅಂಗಿಯಲ್ಲೇ, ಚೆಂಡಿಗೆ ಕೈ ತಾಗಿಸದೆ, ಗೋಲಿಗೆ ನಿಲ್ಲುವವಳು ಅವಳ ಗೆಳತಿ ನಫೀಸಾ. ನಫೀಸಾ ಜೋರು ಓಡುತ್ತಾಳೆ, ಜೋರು ಒದೆಯುತ್ತಾಳೆ. ಆದರೆ ಎದುರಿಗೆ ಚೆಂಡು ಬಂದರೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಸುಗಂಧಿ ಹುಡುಕಿದಳು. ಬೇಲಿಯ ಹತ್ತಿರ ನೋಡಿದಳು. ಬಾವಿಯ ಹತ್ತಿರ ನೋಡಿದಳು. ಹಲಸಿನ ಮರದ ಹತ್ತಿರ ನೋಡಿದಳು. ಮರದ ಬುಡದಲ್ಲಿ ಅಂಗಿ ಇತ್ತು. ಅಂಗಿಯ ಮೇಲೆ ಮೊಟ್ಟೆ ಇತ್ತು. ಮೊಟ್ಟೆಯ ಮೇಲೆ ಬಿಳಿ ಕೋಳಿ ಕೂತಿತ್ತು.

"ಕೋಳಿ ಕೋಳಿ, ಏಳು. ಅದು ನನ್ನ ಅಂಗಿ."

"ಹಾಗಾ? ನಾನು ಹಾಸಿಗೆ ಅಂದುಕೊಂಡೆ," ಅಂದಿತು ಕೋಳಿ. "ನಾನು ಎದ್ದರೆ ಮೊಟ್ಟೆ ಎಲ್ಲಿಡಲಿ? ಒಂದು ಬುಟ್ಟಿ ತಾ. ಆಮೇಲೆ ಏಳುತ್ತೇನೆ."

ಸುಗಂಧಿ ಬುಟ್ಟಿ ಹೆಣೆಯುವ ಅಪ್ಪಿಯಕ್ಕನ ಮನೆಗೆ ಹೋದಳು.

"ಅಪ್ಪಿಯಕ್ಕ, ಅಪ್ಪಿಯಕ್ಕ, ಒಂದು ಬುಟ್ಟಿ ಕೊಡಿ. ಬುಟ್ಟಿ ಕೋಳಿಗೆ, ಅಂಗಿ ನನಗೆ, ನಾನು ಗೋಲಿಗೆ."

ಅಪ್ಪಿಯಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮುಂದೆ ಅರ್ಧ ಬುಟ್ಟಿ. "ಅರ್ಧ ಬುಟ್ಟಿಯಲ್ಲಿ ಇಟ್ಟರೆ ಮೊಟ್ಟೆ ಎಲ್ಲ ಉರುಳಿ ಹೋದಾವು ಮಗಾ. ಪೂರ್ತಿ ಮಾಡೋಣ ಅಂದರೆ ಬೆಳಿಗ್ಗೆಯಿಂದ ಚಾ ಕುಡಿದಿಲ್ಲ. ಚಾ ಇಲ್ಲದೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಚಾ ತಾ. ಆಮೇಲೆ ಬುಟ್ಟಿ."

ಸುಗಂಧಿ ಚಾದಂಗಡಿಯ ಇದಿನಬ್ಬ ಕಾಕನ ಹತ್ತಿರ ಹೋದಳು.

"ಕಾಕ, ಕಾಕ, ಒಂದು ಚಾ ಕೊಡಿ. ಚಾ ಅಪ್ಪಿಯಕ್ಕನಿಗೆ, ಬುಟ್ಟಿ ಕೋಳಿಗೆ, ಅಂಗಿ ನನಗೆ, ನಾನು ಗೋಲಿಗೆ."

ಕಾಕ ಹಾಲಿನ ಪಾತ್ರೆ ಕವುಚಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ. "ಆಟ ನೋಡಲು ಬಂದವರು ಎಲ್ಲ ಕುಡಿದರು. ಹಾಲಿಲ್ಲದ ಚಾ ಕೊಟ್ಟರೆ ಅಪ್ಪಿಯಕ್ಕ ಇಲ್ಲಿಗೇ ಬಂದು ನನ್ನ ತಲೆಗೆ ಸುರಿದಾಳು. ಹಾಲು ತಾ. ಆಮೇಲೆ ಚಾ."

ಸುಗಂಧಿ ಹಟ್ಟಿಗೆ ಓಡಿದಳು. ಹಟ್ಟಿಯಲ್ಲಿ ಅವರ ಮನೆಯ ದನ ಕಾಳಿ ಇತ್ತು.

"ಕಾಳಿ, ಕಾಳಿ, ಒಂದು ಚೆಂಬು ಹಾಲು ಕೊಡು. ಹಾಲು ಕಾಕನಿಗೆ, ಚಾ ಅಪ್ಪಿಯಕ್ಕನಿಗೆ, ಬುಟ್ಟಿ ಕೋಳಿಗೆ, ಅಂಗಿ ನನಗೆ, ನಾನು ಗೋಲಿಗೆ."

ಕಾಳಿ ನಿಧಾನಕ್ಕೆ ಮೆಲುಕು ಹಾಕಿತು. ಮತ್ತೊಮ್ಮೆ ಮೆಲುಕು ಹಾಕಿತು. ದನಗಳಿಗೆ ಎಲ್ಲಿಯ ಅವಸರ?

"ಬೈಹುಲ್ಲು ತಿಂದು ತಿಂದು ಬಾಯಿ ಒಣಗಿದೆ," ಅಂದಿತು ಕೊನೆಗೆ. "ಹಸಿ ಹುಲ್ಲು ತಾ. ಆಮೇಲೆ ಹಾಲು."

ಆ ಊರಲ್ಲಿ ಎಲ್ಲ ಕಡೆ ಮರಳು. ಹಸಿ ಹುಲ್ಲು ಇದ್ದದ್ದು ಒಂದೇ ಕಡೆ. ಆಟದ ಬಯಲಿನ ಮೂಲೆಯಲ್ಲಿ, ಸುಣ್ಣದ ಗೆರೆಯ ಒಳಗೆ. ಗೆರೆಯ ಮೇಲೆ ಲಾದ್ರು ಮಾಮ ನಿಂತಿದ್ದರು.

"ಮಾಮ, ಮಾಮ, ಒಂದು ಹಿಡಿ ಹುಲ್ಲು ಕೀಳುತ್ತೇನೆ. ಹುಲ್ಲು ಕಾಳಿಗೆ, ಹಾಲು ಕಾಕನಿಗೆ, ಚಾ ಅಪ್ಪಿಯಕ್ಕನಿಗೆ, ಬುಟ್ಟಿ ಕೋಳಿಗೆ, ಅಂಗಿ ನನಗೆ, ನಾನು ಗೋಲಿಗೆ."

ಲಾದ್ರು ಮಾಮ ಪೂರ್ತಿ ಕೇಳಿದರು. ತಲೆಯಾಡಿಸಿದರು. "ಆಟಗಾರರನ್ನು ಬಿಟ್ಟು ಯಾರೂ ಗೆರೆ ದಾಟುವ ಹಾಗಿಲ್ಲ."

"ನಾನು ಆಟಗಾರ್ತಿಯೇ ಅಲ್ಲವಾ ಮಾಮ?"

"ಹೌದಾ? ಅಂಗಿ ಎಲ್ಲಿ?"

"ಅಂಗಿ ಕೋಳಿಯ ಕೆಳಗೆ."

"ಹಾಗಾದರೆ ಕೋಳಿಯೇ ಆಟಗಾರ್ತಿ. ಅದನ್ನು ಕಳಿಸು."

ನೋಡಿದಿರಾ? ಅಂಗಿ ಬೇಕಾದರೆ ಹುಲ್ಲು ಬೇಕು. ಹುಲ್ಲು ಬೇಕಾದರೆ ಅಂಗಿ ಬೇಕು. ಸುಗಂಧಿ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತಳು. ಕಣ್ಣಿಂದ ನೀರು ಬಂತು. ಆಚೆ ಊರಿನ ಕೆಂಪು ಅಂಗಿಯವರು ಆಗಲೇ ಬಸ್ಸಿಂದ ಇಳಿಯುತ್ತಿದ್ದರು.

ನಫೀಸಾ ಓಡಿ ಬಂದಳು. "ಸುಗಂಧಿ, ಯಾಕೆ ಅಳುತ್ತೀ? ಬೇಗ ಹೇಳು. ಇಲ್ಲದಿದ್ದರೆ ನನ್ನನ್ನು ಗೋಲಿಗೆ ನಿಲ್ಲಿಸುತ್ತಾರೆ."

ಸುಗಂಧಿ ಮೂಗು ಒರೆಸಿಕೊಂಡು ಹೇಳಿದಳು. "ಹುಲ್ಲು ಕಾಳಿಗೆ, ಹಾಲು ಕಾಕನಿಗೆ, ಚಾ ಅಪ್ಪಿಯಕ್ಕನಿಗೆ, ಬುಟ್ಟಿ ಕೋಳಿಗೆ, ಅಂಗಿ ನನಗೆ, ನಾನು ಗೋಲಿಗೆ. ಆದರೆ ಹುಲ್ಲು ಗೆರೆಯ ಒಳಗೆ."

ನಫೀಸಾ ತನ್ನ ನೀಲಿ ಅಂಗಿ ನೋಡಿಕೊಂಡಳು. ಲಾದ್ರು ಮಾಮನ ಕಡೆ ತಿರುಗಿದಳು.

"ಮಾಮ, ನಾನು ಗೆರೆ ದಾಟಬಹುದಾ?"

"ದಾಟಬಹುದು. ನೀನು ನೀಲಿ."

"ಕೈಯಲ್ಲಿ ಚೆಂಡು ಮುಟ್ಟಬಹುದಾ?"

"ಮುಟ್ಟಬಾರದು."

"ಕೈಯಲ್ಲಿ ಹುಲ್ಲು ಮುಟ್ಟಬಹುದಾ?"

ಲಾದ್ರು ಮಾಮ ಬಾಯಿ ತೆರೆದರು. ವಿಸಿಲ್ ಬಾಯಿಗಿಟ್ಟರು. ಮೀಸೆ ತಿರುವಿ ಯೋಚಿಸಿದರು. ಎಷ್ಟು ಯೋಚಿಸಿದರೂ ಹುಲ್ಲಿಗೆ ಕಾನೂನು ಸಿಗಲಿಲ್ಲ. ವಿಸಿಲ್ ಕೆಳಗಿಳಿಸಿದರು.

"ಬೇಗ ಕೀಳಿ," ಅಂದರು. "ಹೊತ್ತಾಯಿತು."

ನೀಲಿ ಅಂಗಿಯವರೆಲ್ಲ ಒಳಗೆ ನುಗ್ಗಿದರು. ಪರಪರ ಪರಪರ ಹುಲ್ಲು ಕಿತ್ತರು. ಸುಗಂಧಿಯ ಎರಡೂ ತೋಳು ತುಂಬಿಸಿದರು.

ಸುಗಂಧಿ ಹುಲ್ಲು ಕೊಟ್ಟಳು ಕಾಳಿಗೆ. ಕಾಳಿ ಹುಲ್ಲು ತಿಂದಿತು. ಅಮ್ಮ ಚೆಂಬು ಹಿಡಿದು ಹಾಲು ಕರೆದಳು, ಚೆಂಬು ತುಂಬಿತು.

ಹಾಲು ಕೊಟ್ಟಳು ಕಾಕನಿಗೆ. ಕಾಕ ಹಾಲು ಕಾಯಿಸಿದರು. ಚಾ ಮಾಡಿ ಎತ್ತಿ ಎತ್ತಿ ಹೊಯ್ದರು.

ಚಾ ಕೊಟ್ಟಳು ಅಪ್ಪಿಯಕ್ಕನಿಗೆ. ಅಪ್ಪಿಯಕ್ಕ ಸುರ್ ಅಂತ ಕುಡಿದಳು. ಕೈ ಅವಳ ಮಾತು ಕೇಳಿತು. ಸರಸರ ಬುಟ್ಟಿ ಮುಗಿಯಿತು.

ಬುಟ್ಟಿ ಕೊಟ್ಟಳು ಕೋಳಿಗೆ. ಕೋಳಿ ಬುಟ್ಟಿಯನ್ನು ಈ ಕಡೆಯಿಂದ ನೋಡಿತು. ಆ ಕಡೆಯಿಂದ ನೋಡಿತು. ಸುಗಂಧಿ ಮೆಲ್ಲಗೆ ಮೊಟ್ಟೆ ಎತ್ತಿ ಬುಟ್ಟಿಯಲ್ಲಿಟ್ಟಳು. ಕೋಳಿಯೂ ಹತ್ತಿ ಕೂತಿತು. "ಅಂಗಿಯೇ ಮೆತ್ತಗಿತ್ತು," ಅಂತ ಗೊಣಗಿತು. ಕೋಳಿಗಳು ಹಾಗೆಯೇ.

ಹುಲ್ಲು ಕಾಳಿಗೆ ಆಯಿತು, ಹಾಲು ಕಾಕನಿಗೆ ಆಯಿತು, ಚಾ ಅಪ್ಪಿಯಕ್ಕನಿಗೆ ಆಯಿತು, ಬುಟ್ಟಿ ಕೋಳಿಗೆ ಆಯಿತು, ಅಂಗಿ ಸುಗಂಧಿಗೆ ಆಯಿತು. ಸುಗಂಧಿ ಗೋಲಿಗೆ ಓಡಿದಳು. ಅಂಗಿಯ ಬೆನ್ನಿಗೆ ಎರಡು ಪುಕ್ಕ ಅಂಟಿಕೊಂಡೇ ಇತ್ತು. ಯಾರೂ ಅವಳಿಗೆ ಹೇಳಲಿಲ್ಲ.

ಲಾದ್ರು ಮಾಮ ವಿಸಿಲ್ ಊದಿದರು. ಆಟ ಶುರುವಾಯಿತು. ನಫೀಸಾ ಓಡಿ ಓಡಿ ಒಂದು ಗೋಲು ಹೊಡೆದಳು. ಆಟ ಮುಗಿಯಲು ಬಂದಾಗ ಕೆಂಪು ಅಂಗಿಯವರೆಲ್ಲ ಒಟ್ಟಿಗೆ ನುಗ್ಗಿದರು. ನೀಲಿಯವರು ಅಡ್ಡ ಬಂದರು. ಗೋಲಿನ ಮುಂದೆ ಎಲ್ಲರೂ ರಾಶಿ ಬಿದ್ದರು. ಮೇಲೊಂದು ಕಾಲು, ಕೆಳಗೊಂದು ತಲೆ. ನಡುವಿನಿಂದ ಒಂದು ಕೈ ಬಂದು ಚೆಂಡನ್ನು ಗಬಕ್ಕನೆ ಹಿಡಿಯಿತು.

"ಮಾಮ, ಕೈ ತಾಗಿತು, ಕೈ ತಾಗಿತು," ಅಂದರು ಕೆಂಪು ಅಂಗಿಯವರು.

ಲಾದ್ರು ಮಾಮ ಬಗ್ಗಿ ನೋಡಿದರು. ಚೆಂಡಿನ ಸುತ್ತ ಉದ್ದನೆಯ ಹಳದಿ ತೋಳು.

"ಅದು ಹಿಡಿಯುವ ಕೈಯೇ," ಅಂದರು. ಆಟ ಮುಗಿದ ವಿಸಿಲ್ ಊದಿದರು.

ರಾಶಿಯ ಅಡಿಯಿಂದ ಸುಗಂಧಿಯ ಸ್ವರ ಕೇಳಿತು. "ಗೆದ್ದೆವಾ? ಹಾಗಾದರೆ ಎಲ್ಲರೂ ನನ್ನ ಮೇಲಿಂದ ಏಳಿ."

ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಸುಗಂಧಿ ಎದ್ದಳು, ಚೆಂಡನ್ನು ಅಪ್ಪಿಕೊಂಡೇ.

ಅವರು ಆಡಿ ಮನೆ ಸೇರಿದರು. ನೀವು ಕೇಳಿ ಮುಗಿಸಿದಿರಿ. ಇನ್ನು ಕೈಕಾಲು ತೊಳೆದು ಬನ್ನಿ, ಅನ್ನ ಆರುತ್ತಿದೆ.