ಹಿಂದಡಿ ಕುದ್ರುವಿಗೆ ಆ ಹೆಸರು ಬಂದುದು

ಹೊಳೆ ಕಡಲನ್ನು ಸೇರುವ ಸ್ವಲ್ಪ ಮೊದಲು ಎರಡಾಗಿ ಒಡೆದು ಮತ್ತೆ ಒಂದಾಗುತ್ತದೆ. ನಡುವೆ ಉಳಿದ ಉದ್ದನೆಯ ನೆಲವೇ ಹಿಂದಡಿ ಕುದ್ರು. ಸುತ್ತ ನೀರಿರುವ ಇಂಥ ನಡುಗಡ್ಡೆಗಳನ್ನು ನಮ್ಮ ಕಡೆ ಕುದ್ರು ಎನ್ನುತ್ತೇವೆ. ಈಗ ಅಲ್ಲಿಗೆ ಸೇತುವೆ ಇದೆ, ರಿಕ್ಷಾ ಹೋಗುತ್ತದೆ. ಸೇತುವೆ ಇಳಿದ ಕೂಡಲೇ ಮೂಗಿಗೆ ಬಡಿಯುವುದು ಕೊಳೆತ ತೆಂಗಿನ ಸಿಪ್ಪೆಯ ವಾಸನೆ. ಹೊಸಬರು ಸೆರಗನ್ನು ಮೂಗಿಗೆ ಹಿಡಿಯುತ್ತಾರೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಅನ್ನದ ವಾಸನೆ. ತೆಂಗಿನ ಮರಗಳ ನಡುವೆ ಮೂಡಣ ತುದಿಯಿಂದ ಪಡುವಣ ತುದಿಯವರೆಗೆ, ಬೈತಲೆ ತೆಗೆದ ಹಾಗೆ, ನೇರವಾದ ಒಂದು ಬೋಳು ಪಟ್ಟಿ ಇದೆ. ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ. ಮೂಡಣ ತುದಿಯಲ್ಲಿ ತೂತು ಕೊರೆದ ಕಲ್ಲುಕಂಬ, ಪಡುವಣ ತುದಿಯಲ್ಲಿ ನೀರು. ಇಳಿತದ ಹೊತ್ತಿಗೆ ಅಲ್ಲಿಂದ ಮುಂದಕ್ಕೆ ಒಂದು ಮರಳುದಿಣ್ಣೆ ಕಾಣಿಸಿಕೊಂಡು, ಅದರ ಕೊನೆಯಲ್ಲಿ ಒಂದು ಕರಿಬಂಡೆ ತಲೆ ಎತ್ತುತ್ತದೆ. ಹೊಳೆ ಇಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನೆಲ ಬಿಟ್ಟುಕೊಟ್ಟಿತು, ಅದರಿಂದ ಈ ಹೆಸರು ಎಂದು ಸೇತುವೆಯ ಬಳಿಯ ಫಲಕದಲ್ಲಿ ಬರೆದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹುಡುಕಿ ಓದಿದ ಯಾವ ಪುಸ್ತಕದಲ್ಲಿಯೂ ಈ ಹೆಸರಿನ ಮೂಲ ನನಗೆ ಸಿಗಲಿಲ್ಲ. ಅದು ಸಿಪ್ಪೆ ಬಡಿಯುವ ಹೆಂಗಸರ ಬಾಯಲ್ಲಿ ಇದೆ. ಅವರು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ತಿಳಿಯದವರಿಗೆ ಕಥೆ ಅರ್ಥವಾಗದು, ಆದ್ದರಿಂದ ಮೊದಲು ಕೆಲಸದ ಮಾತು. ಕಾಯಿ ಸುಲಿದ ಸಿಪ್ಪೆಯನ್ನು ಉಪ್ಪುನೀರು ಹತ್ತಿ ಇಳಿಯುವ ಕೆಸರಿನಲ್ಲಿ ಹೂತು, ಮೇಲೆ ತೆಂಗಿನ ಗರಿಯ ಮಡಲು ಹಾಸಿ, ಕಲ್ಲು ಹೇರಿ ಬಿಡಬೇಕು. ಮಳೆಗಾಲ ಕಳೆದು, ಚಳಿ ಕಳೆದು, ಬಿಸಿಲು ಏರುವ ತನಕ ಅದನ್ನು ಮುಟ್ಟುವಂತಿಲ್ಲ. ಆಮೇಲೆ ಎತ್ತಿದರೆ ಸಿಪ್ಪೆ ಕಪ್ಪಾಗಿ, ಮೆತ್ತಗಾಗಿ ಕೈಯಲ್ಲಿ ಬಿಡುತ್ತದೆ. ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದರೆ ಹೊಟ್ಟು ಉದುರಿ ಹೊಂಬಣ್ಣದ ನಾರು ಉಳಿಯುತ್ತದೆ. ಅದನ್ನು ತೊಳೆದು, ಒಣಗಿಸಿ, ಹಿಂಜಿ, ಹೊಸೆದು ಕತ್ತದ ಹಗ್ಗ ಮಾಡುತ್ತಾರೆ. ಹೊಸೆಯುವುದಕ್ಕೆ ಇಬ್ಬರು ಬೇಕು. ಒಬ್ಬಳು ಕಂಬಕ್ಕೆ ಕೂರಿಸಿದ ಚಕ್ರವನ್ನು ತಿರುಗಿಸಿ ಎಳೆಗೆ ಹುರಿ, ಎಂದರೆ ತಿರುಚು, ಕೊಡುತ್ತಾಳೆ. ಇನ್ನೊಬ್ಬಳು ನಾರಿನ ಕಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಬೆರಳುಗಳಿಂದ ನಾರು ಬಿಡುತ್ತ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಅವಳ ಕಣ್ಣೆಲ್ಲ ನಾರಿನ ಮೇಲೆ. ಬೆನ್ನ ಹಿಂದೆ ಹಾವಿದೆಯೋ ಹೊಂಡವಿದೆಯೋ ಅವಳಿಗೆ ಗೊತ್ತಾಗುವುದಿಲ್ಲ. ಅದನ್ನು ನೋಡಿ ಹೇಳಬೇಕಾದವಳು ಚಕ್ರದ ಮುಂದೆ ಕೂತವಳು.

ಹಿಂದೆ ಒಮ್ಮೆ, ಸೇತುವೆಯ ಕನಸೂ ಇಲ್ಲದ ಕಾಲದಲ್ಲಿ, ಆ ಕುದ್ರುವಿನಲ್ಲಿ ಹೆರಿಯ ಎಂಬ ಅಂಬಿಗನಿದ್ದ. ಆಗ ದಡದಿಂದ ದಡಕ್ಕೆ ಕತ್ತದ ಹಗ್ಗ ಬಿಗಿದು, ಹಗ್ಗಕ್ಕೆ ಮರದ ಬಳೆ ತೊಡಿಸಿ, ಆ ಬಳೆಗೆ ದೋಣಿ ಕಟ್ಟುತ್ತಿದ್ದರು. ಮಳೆಗಾಲದ ಸೆಳೆತದಲ್ಲಿ ಬೇರೆ ದಾರಿ ಇರಲಿಲ್ಲ. ಆ ಹಗ್ಗದ ನಡುವೆ ಗಂಟು ಇರಕೂಡದು. ಬಳೆ ಗಂಟಿಗೆ ಸಿಕ್ಕಿದರೆ ದೋಣಿ ಮಗುಚುತ್ತದೆ. ಹಗ್ಗ ಹೊಸೆಯುತ್ತಿದ್ದವರು ಹೆರಿಯನ ಹೆಂಡತಿ ಅಕ್ಕಣಿ ಮತ್ತು ಅವನ ತಂಗಿ ದುಗ್ಗು. ಅಕ್ಕಣಿ ಚಕ್ರಕ್ಕೆ, ದುಗ್ಗು ನಾರಿಗೆ. ಒಂದು ಆಷಾಢದಲ್ಲಿ ಹೊಳೆಯ ನಡುವೆ ಹಗ್ಗ ಹರಿದು ಹೆರಿಯ ನೀರುಪಾಲಾದ. ಹೆಣ ಸಿಗಲಿಲ್ಲ, ಹರಿದ ಹಗ್ಗದ ತುದಿ ಮಾತ್ರ ಸಿಕ್ಕಿತು. ಅದನ್ನು ಅಂಗಳದಲ್ಲಿ ನಡುವೆ ಇಟ್ಟುಕೊಂಡು ಅತ್ತಿಗೆ ನಾದಿನಿಯರು ಆಡಿದ ಮಾತು ಇಡೀ ಕುದ್ರುವಿಗೆ ಕೇಳಿತು. "ನೀನು ಹುರಿ ಸಾಕಷ್ಟು ಕೊಡಲಿಲ್ಲ, ಕೈ ನೋವು ಅಂತ ಚಕ್ರ ಬಿಟ್ಟೆ," ಎಂದಳು ದುಗ್ಗು. "ನೀನು ಕೊಳೆಯದ ಸಿಪ್ಪೆಯ ನಾರು ಸೇರಿಸಿದೆ, ಅಣ್ಣನನ್ನು ತಿಂದದ್ದು ನೀನು," ಎಂದಳು ಅಕ್ಕಣಿ. ಇನ್ನು ನಿನ್ನ ಹೆಸರು ನನ್ನ ಬಾಯಲ್ಲಿ ಬಾರದು ಎಂದು ಅಕ್ಕಣಿ ಕಲ್ಲುಕಂಬ ಮುಟ್ಟಿ ಹೇಳಿದಳಂತೆ. ಹಾಗೆಯೇ ನಡೆದುಕೊಂಡಳು. ಒಂದೇ ಸೂರಿನ ಕೆಳಗೆ ಎರಡು ಒಲೆ ಹೊತ್ತಿದವು.

ವರ್ಷಗಳು ಕಳೆದವು. ಹೊಳೆ ದಡ ಕೊರೆದು ಅಗಲವಾಯಿತು. ಹಳೆಯ ಹಗ್ಗಗಳು ಮೋಟಾದವು, ಗಂಟು ಹಾಕಿದ ಕಡೆ ದೋಣಿ ಎರಡು ಸಲ ಮಗುಚಿತು. ಈ ಮಳೆಗಾಲಕ್ಕೆ ಗಂಟಿಲ್ಲದ ಹೊಸ ಹಗ್ಗ ಆಗದಿದ್ದರೆ ಕುದ್ರು ಬಿಟ್ಟು ಆಚೆ ದಡಕ್ಕೆ ಹೋಗುವುದೆಂದು ಊರವರು ಮಾತಾಡಿಕೊಂಡರು. ಅಷ್ಟು ಉದ್ದದ ಎಳೆಯನ್ನು ಸಣ್ಣ ದಪ್ಪ ಇಲ್ಲದೆ ಬಿಡುವ ಬೆರಳು ದುಗ್ಗುವಿಗೆ ಮಾತ್ರ ಇತ್ತು. ಅಷ್ಟು ದೂರಕ್ಕೆ ಹುರಿ ಕಳಿಸುವ ತೋಳು ಅಕ್ಕಣಿಗೆ ಮಾತ್ರ. ಇಬ್ಬರನ್ನೂ ಕಂಬದ ಬಳಿ ಕರೆತಂದವಳು ಮುದುಕಿ ಪುಟ್ಟಕ್ಕ. ಇಬ್ಬರೂ ಮುಖ ತಿರುಗಿಸಿ ನಿಂತಾಗ ಅವಳು, "ಒಬ್ಬಳು ಈ ತುದಿಯಲ್ಲಿ, ಒಬ್ಬಳು ಆ ತುದಿಯಲ್ಲಿ, ನಡುವೆ ಒಂದು ಹೊಳೆಯ ಅಗಲ. ಇದಕ್ಕಿಂತ ದೂರ ಇನ್ನೆಂತ ಬೇಕು ಮಾರಾಯ್ತಿ ನಿಮಗೆ?" ಎಂದಳು. ಸುತ್ತ ನಿಂತವರು ನಕ್ಕರು. ದುಗ್ಗು ನಗಲಿಲ್ಲ. "ನನ್ನ ಬೆನ್ನಿಗೆ ಕಣ್ಣಿಲ್ಲ, ಎದುರು ಕೂತವಳಿಗೆ ಬಾಯಿಲ್ಲ. ಯಾರನ್ನು ನಂಬಿ ಹಿಂದೆ ಹೋಗುದು?" ಎಂದು ಕೇಳಿದಳು. ಅಕ್ಕಣಿ ಮುದುಕಿಯ ಕಡೆ ನೋಡುತ್ತ, "ಅಪಾಯ ಕಂಡರೆ ಚಕ್ರ ನಿಲ್ಲಿಸ್ತೇನೆ ಅಂತ ಹೇಳಿ ಅವಳಿಗೆ. ಬಾಯಿ ಎಂತಕ್ಕೆ?" ಎಂದಳು.

ಮೂರು ಎಳೆ ಸೇರಿದರೆ ಒಂದು ಹಗ್ಗ. ಒಂದೊಂದು ಎಳೆಯೂ ಹೊಳೆಯ ಅಗಲಕ್ಕೆ ಸಾಲಬೇಕು. ಅದಕ್ಕೆ ಕುದ್ರುವಿನ ಉದ್ದ ಸಾಲದು. ನೆಲ ಮುಗಿದ ಮೇಲೆ ಮರಳುದಿಣ್ಣೆಯ ಮೇಲೂ ನಡೆದು ಕರಿಬಂಡೆಯವರೆಗೆ ಹೋಗಬೇಕು. ಇಳಿತದ ಹೊತ್ತು ನೋಡಿ ಕೆಲಸ ಹಿಡಿದರು. ಎಳೆ ನೆಲಕ್ಕೆ ತಾಗದಂತೆ ಉದ್ದಕ್ಕೂ ಹೆಂಗಸರು ಕವೆಗೋಲು ಹಿಡಿದು ನಿಂತರು. ಎರಡು ಎಳೆಗಳು ಒಂದು ಮಾತೂ ಇಲ್ಲದೆ ಬಂಡೆ ಮುಟ್ಟಿದವು. ಮೂರನೆಯದನ್ನು ಹಿಡಿದ ದಿನ ಗಾಳಿ ತಿರುಗಿತು. ಮಳೆಗಾಲದ ಮೊದಲ ಉಬ್ಬರ ಹೊತ್ತಿಗೆ ಮುಂಚೆಯೇ ಕಡಲಿನಿಂದ ಒಳಗೆ ನುಗ್ಗತೊಡಗಿತು. ದುಗ್ಗುವಿನ ಬೆನ್ನು ಕಡಲಿಗೆ. ಕಾಲಿಗೆ ನೀರು ತಾಗಿದ್ದು ಅವಳಿಗೆ ತಿಳಿಯಿತು. ಆದರೆ ಚಕ್ರ ತಿರುಗುತ್ತಿದೆ, ಎಂದರೆ ಹಿಂದೆ ನೆಲವಿದೆ ಎಂದುಕೊಂಡು ಹೆಜ್ಜೆ ಇಡುತ್ತ ಹೋದಳು. ಬಂಡೆಯ ಮೇಲೆ ತೆರೆ ಒಡೆಯುವುದನ್ನು ಅಕ್ಕಣಿ ಕಂಡಳು. ಕಂಡ ಕೂಡಲೇ ಚಕ್ರ ನಿಲ್ಲಿಸಿದಳು. ಅಲ್ಲಿಯ ತನಕ ಅವಳು ತಪ್ಪು ಮಾಡಲಿಲ್ಲ ಎನ್ನುತ್ತಾರೆ.

ಬೆರಳ ನಡುವೆ ಹುರಿ ಸತ್ತದ್ದು ದುಗ್ಗುವಿಗೆ ಗೊತ್ತಾಯಿತು. ಅಪಾಯಕ್ಕೆಂದು ಮಾತಾಡಿಕೊಂಡ ಗುರುತಿಗಿಂತ ಮೊದಲು ಅವಳ ನೆನಪಿಗೆ ಬಂದದ್ದು ಹಳೆಯ ಜಗಳ. ಮತ್ತೆ ಕೈ ಬಿಟ್ಟಳು, ಮತ್ತೆ ಹುರಿ ಕಡಿಮೆ ಮಾಡಿದಳು ಎಂದುಕೊಂಡಳು. ಕೆಸರಿನಿಂದ ಎತ್ತಿದ ನಾರೆಲ್ಲ ಈ ಎಳೆಗೆ ಮುಗಿದಿತ್ತು. ಇದು ಬಿಚ್ಚಿಹೋದರೆ ಇನ್ನೊಂದು ವರ್ಷ ಸಿಪ್ಪೆ ಕೊಳೆಯಬೇಕು, ಅಷ್ಟರಲ್ಲಿ ಕುದ್ರುವಿನಲ್ಲಿ ಒಲೆ ಉರಿಯುವುದಿಲ್ಲ. ಅವಳು ಸಿಟ್ಟಿನಿಂದ ಎಳೆಯನ್ನು ಜಗ್ಗಿದಳು, ತಿರುಗಿಸು ಎಂಬಂತೆ. ನೀರು ಸೊಂಟಕ್ಕೆ ಬಂದಿತ್ತು. ಆ ಜಗ್ಗು ಅಕ್ಕಣಿಯ ಕೈಗೆ ತಾಗಿತು. ಅವಳು ಎದ್ದು ನಿಂತು, ಅಷ್ಟು ವರ್ಷ ಆಡದ ಹೆಸರನ್ನು ಕೂಗಿದಳು. "ದುಗ್ಗೂ! ಬಾರೇ! ಹಗ್ಗ ಹೋದರೆ ಹೋಗಲಿ!"

ಎದುರುಗಾಳಿ ಆ ಕೂಗನ್ನು ಅಲ್ಲಿಯೇ ಹರಿದು ಹಾಕಿತು. ಆದರೆ ಕವೆಗೋಲಿನ ಮೊದಲ ಹೆಂಗಸಿಗೆ ಕೇಳಿತು. ಅವಳು ತಿರುಗಿ ಎರಡನೆಯವಳಿಗೆ ಕೂಗಿದಳು. ಬಾಯಿಂದ ಬಾಯಿಗೆ, ಕುದ್ರುವಿನ ಉದ್ದಕ್ಕೂ, ಎಳೆಯ ಜೊತೆಯಲ್ಲಿಯೇ ದುಗ್ಗುವಿನ ಹೆಸರು ಪಡುವಣಕ್ಕೆ ಹೋಯಿತು. ಕೊನೆಯಲ್ಲಿ ನೀರಿನಲ್ಲಿ ನಿಂತಿದ್ದವಳು ಗಂಗು ಎಂಬವಳು. ಅವಳ ಬಾಯಿಂದ ಕೇಳಿದಾಗ ದುಗ್ಗು ನಂಬಲಿಲ್ಲ.

"ಅತ್ತಿಗೆ ಹೇಳಿದ್ದಾ? ಅವಳೇ? ನನ್ನ ಹೆಸರು ಹಿಡಿದು?"

"ಹೌದು ಮಾರಾಯ್ತಿ, ಅವಳೇ! ಹಗ್ಗ ಬಿಟ್ಟು ಬಾ ಅಂತೆ!"

ದುಗ್ಗು ಆಗ ಮೊದಲ ಬಾರಿಗೆ ಹಿಂದೆ ತಿರುಗಿ ಕಡಲನ್ನು ನೋಡಿದಳಂತೆ. ಬಂಡೆ ಕೈಗೆ ಸಿಗುವಷ್ಟು ಹತ್ತಿರವಿತ್ತು. "ಬಂಡೆ ಸಿಕ್ಕಿತು, ಕಟ್ಟಿ ಬರ್ತೇನೆ," ಎಂದು ಎಳೆಯನ್ನು ಅದಕ್ಕೆ ಸುತ್ತತೊಡಗಿದಳು. ಸುತ್ತುತ್ತಲೇ ಹೇಳಿದಳು, "ಅತ್ತಿಗೆಗೆ ಹೇಳು, ಹುರಿ ಸರಿ ಉಂಟು. ಅಣ್ಣ ಹೋದ ದಿವಸವೂ ಸರಿಯೇ ಇತ್ತು." ಗಂಗು ಆ ಮಾತನ್ನು ಮುಂದಿನವಳಿಗೆ ದಾಟಿಸಲು ದಡದ ಕಡೆ ತಿರುಗಿದಳು. ದಾಟಿಸಿ ಮತ್ತೆ ಇತ್ತ ತಿರುಗಿದಾಗ ಬಂಡೆಯ ಸುತ್ತ ಎಳೆ ಬಿಗಿಯಾಗಿ ಕಟ್ಟಿತ್ತು. ಕಟ್ಟಿದವಳು ಇರಲಿಲ್ಲ.

ದುಗ್ಗು ಕಳಿಸಿದ ಮಾತು ಬಾಯಿಂದ ಬಾಯಿಗೆ ಮೂಡಣಕ್ಕೆ ಬಂದು ಮುಟ್ಟಿತು. ಹುರಿ ಸರಿ ಉಂಟಂತೆ, ಅಣ್ಣ ಹೋದ ದಿವಸವೂ ಸರಿಯೇ ಇತ್ತಂತೆ ಎಂದು ಹೇಳಿದವಳಿಗೆ ಪಡುವಣದಲ್ಲಿ ಏನಾಯಿತೆಂದು ಗೊತ್ತಿರಲಿಲ್ಲ, ಕೇಳಿದವಳಿಗೂ ಗೊತ್ತಿರಲಿಲ್ಲ. ಆ ಮಾತು ಕೇಳಿ ಅಕ್ಕಣಿ ನಕ್ಕಳು ಎನ್ನುತ್ತಾರೆ. ಗಂಡ ಸತ್ತ ಮೇಲೆ ಅವಳು ನಕ್ಕಿದ್ದು ಅದೊಂದೇ ಸಲ. ಆ ಮಾತಿನ ಹಿಂದೆಯೇ ಗಂಗುವಿನ ಕೂಗು ಬಂತು.

ಆ ಮೂರು ಎಳೆಗಳ ಹಗ್ಗ ಅನೇಕ ಮಳೆಗಾಲ ತಾಳಿತು. ಯಾರೂ ಕುದ್ರು ಬಿಟ್ಟು ಹೋಗಲಿಲ್ಲ. ಅಕ್ಕಣಿ ಮತ್ತೆ ಚಕ್ರ ಮುಟ್ಟಲಿಲ್ಲ. ಸೊಂಟಕ್ಕೆ ನಾರು ಕಟ್ಟಿಕೊಂಡು, ಬಾರದ ಕೆಲಸವನ್ನು ಆ ವಯಸ್ಸಿನಲ್ಲಿ ಕಲಿತು, ದುಗ್ಗುವಿನ ಜಾಗದಲ್ಲಿ ಹಿಂದಡಿ ಇಟ್ಟಳು. ಅವಳ ಎಳೆ ಸಣ್ಣ ದಪ್ಪ ಆಗುತ್ತಿತ್ತಂತೆ, ಯಾರೂ ಆಡಿಕೊಳ್ಳಲಿಲ್ಲ. ಚಕ್ರಕ್ಕೆ ಕೂತವಳು ಸುಮ್ಮನಾದರೆ ಮಾತ್ರ ಅವಳು ಕೆಲಸ ನಿಲ್ಲಿಸುತ್ತಿದ್ದಳು. "ಮಾತಾಡು. ಬಯ್ಯುವುದಾದರೆ ಬಯ್ಯು. ಸುಮ್ಮನೆ ಇರಬೇಡ," ಎನ್ನುತ್ತಿದ್ದಳು. ಅವಳ ಕಾಲದ ನಂತರ, ಮೊದಲು ಕಾಗೆ ಕುದ್ರು ಎಂದಿದ್ದ ನೆಲವನ್ನು ಜನ ಹಿಂದಡಿ ಕುದ್ರು ಎಂದು ಕರೆದರು.

ಈಗ ಚಕ್ರಗಳಿಗೆ ಮೋಟಾರು ಬಂದಿದೆ, ದೋಣಿಯ ಹಗ್ಗ ಇಲ್ಲ. ಆದರೂ ಅಲ್ಲಿಗೆ ಹೋದವರು ಇದನ್ನು ಇಂದಿಗೂ ನೋಡಬಹುದು. ಮಾತು ಬಿಟ್ಟ ಅಕ್ಕತಂಗಿಯರು, ಅತ್ತೆಸೊಸೆಯರು, ಪಾಲು ಹಂಚಿಕೊಂಡು ದೂರವಾದ ಅಣ್ಣತಮ್ಮಂದಿರು ಇಳಿತದ ಹೊತ್ತಿಗೆ ಅಲ್ಲಿಗೆ ಬರುತ್ತಾರೆ. ಒಬ್ಬರು ಕಲ್ಲುಕಂಬದ ಬಳಿ ನಿಲ್ಲುತ್ತಾರೆ. ಇನ್ನೊಬ್ಬರು ಬೋಳು ಪಟ್ಟಿಯ ಮೇಲೆ ಹಿಂದಕ್ಕೆ ಹೆಜ್ಜೆ ಇಡುತ್ತ ನೀರಿನ ಕಡೆ ನಡೆಯುತ್ತಾರೆ, ತಿರುಗಿ ನೋಡುವಂತಿಲ್ಲ. ನೀರು ತಾಗುವ ಮೊದಲು ಕಂಬದ ಬಳಿ ನಿಂತವರು ಹೆಸರು ಹಿಡಿದು ಕೂಗಬೇಕು. ಕೆಲವರಿಗೆ ಬಾಯಿ ಬರುವುದು ತಡವಾಗುತ್ತದೆ. ಪಾದ ನೆನೆದ ಮೇಲೆ ಕೂಗಿದವರನ್ನೂ ನಾನು ಕಂಡಿದ್ದೇನೆ. ಹೆಸರು ಕೇಳಿದವರು ನಿಂತು, "ಹುರಿ ಸರಿ ಉಂಟು," ಎಂದು ಉತ್ತರ ಕೊಡುತ್ತಾರೆ. ಕೊಟ್ಟ ಮೇಲೆ ಅಲ್ಲಿಯೇ ನಿಂತಿರುತ್ತಾರೆ. ಕಂಬದ ಬಳಿ ಇದ್ದವರು ಪಟ್ಟಿಯ ಉದ್ದಕ್ಕೂ ನಡೆದು ಬಂದು ಕೈ ಹಿಡಿಯುವ ತನಕ, ನೀರಿನ ಬಳಿ ನಿಂತವರ ಮೇಲಿಂದ ಕಣ್ಣು ತೆಗೆಯಬಾರದೆಂಬುದು ಅಲ್ಲಿಯ ಕಟ್ಟಳೆ.