ಬೂದನೂ ಆಶ್ರಮದ ಪೊರಕೆಯೂ

ಏಟು ತಿಂದ ನಾಯಿಗಳನ್ನು ಬಿಡಿಸಿ ತಂದು ಆರೈಕೆ ಮಾಡುವ ಆಶ್ರಮಕ್ಕೆ ಬೂದ ಎಂಬ ನಾಯಿ ಬಂದು ಸೇರಿತು. ಅಲ್ಲಿನ ಪುಟ್ಟನಂಜಮ್ಮ ಪೊರಕೆ ಹಿಡಿದರೆ ಸಾಕು, ಮಂಚದ ಕೆಳಗೆ ನುಗ್ಗುತ್ತಿತ್ತು.

ಪೊರಕೆಗೆ ಬೇಜಾರಾಯಿತು. "ನನ್ನ ಕೆಲಸ ಕಸ ಗುಡಿಸುವುದು. ಯಾರಿಗೂ ಒಂದೇಟು ಹೊಡೆದವನಲ್ಲ ನಾನು," ಎಂದಿತು.

"ಹಳೇ ಮನೆಯ ಪೊರಕೆಯೂ ಕಸವನ್ನೇ ಗುಡಿಸುತ್ತಿತ್ತು," ಎಂದಿತು ಬೂದ. "ಕಸ ಮುಗಿದ ಮೇಲೆ ನನ್ನ ಸರದಿ."

ಪೊರಕೆಯನ್ನು ನಿಲ್ಲಿಸಿ ಇಡಬಾರದೆಂದು ಪುಟ್ಟನಂಜಮ್ಮ ಅದನ್ನು ನೆಲದ ಮೇಲೆ ಮಲಗಿಸುತ್ತಿದ್ದರು. ಅದು ಅಲ್ಲೇ ತೆಪ್ಪಗೆ ಬಿದ್ದಿರುತ್ತಿತ್ತು. ಬೂದ ಮೊದಲು ದೂರದಿಂದ ಮೂಸಿತು. ಆಮೇಲೊಂದು ದಿನ ಹತ್ತಿರ ಬಂದು ಒಂದು ಕಡ್ಡಿ ಎಳೆದು ನೋಡಿತು. ಪೊರಕೆ ಏಳಲಿಲ್ಲ. ಇನ್ನೊಂದು ಎಳೆಯಿತು. ಬೇಸಿಗೆ ಕಳೆಯುವ ಹೊತ್ತಿಗೆ ಪೊರಕೆ ಅರ್ಧ ಬೋಳಾಗಿತ್ತು, ಬೂದ ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು.

ಬೂದನನ್ನು ಸಾಕಿಕೊಳ್ಳಲು ಬೇಕರಿಯ ದಾಮೋದರ ಶೆಟ್ಟರು ಬಂದರು. ಬೂದ ಗೇಟಿನವರೆಗೆ ಹೋಗಿ, ವಾಪಸ್ ಓಡಿ, ಪೊರಕೆಯನ್ನು ಕಚ್ಚಿಕೊಂಡು ಬಂತು.

"ನಮ್ಮನೇಲಿ ಹೊಸ ಪೊರಕೆ ಇದೆಯಪ್ಪ," ಎಂದು ಶೆಟ್ಟರು ನಕ್ಕರು.

ಬೂದ ಬಾಯಲ್ಲಿದ್ದದ್ದನ್ನು ಮೆಲ್ಲಗೆ ಕೆಳಗಿಟ್ಟು ಹೇಳಿತು: "ಇರಲಿ. ಸುಮ್ಮನೆ ಮಲಗುವುದು ಹೇಗೆಂದು ಅದಕ್ಕೆ ಹೇಳಿಕೊಡುವವರು ಬೇಕಲ್ಲ."