ಸಿಗ್ನಲ್ ಹಲ್ಲಿ

"ನಾಲಿಗೆಯನ್ನೇ ತಡೆಯಲಾರದವಳು ರೈಲು ತಡೆಯುತ್ತೀಯಾ?" ಎಂದು ಹಲ್ಲಿಯನ್ನು ಹಂಗಿಸಿದ್ದು ಗೋಡೆ ಗಡಿಯಾರ. ಅದು ನಿಲ್ದಾಣದ ಮಹಡಿಯಲ್ಲಿ ಲೋಕಲ್ ರೈಲುಗಳ ಸಿಗ್ನಲ್ ಕಲಿಸುವ ಕೋಣೆ. ಕಂಪ್ಯೂಟರಿನಲ್ಲಿ ಹುಸಿ ರೈಲುಗಳು ಓಡುತ್ತಿದ್ದವು. ಡಿಕ್ಕಿಯಾದರೆ ಕಲಿಯುವವರು ನಕ್ಕು ಮತ್ತೆ ಶುರುಮಾಡುತ್ತಿದ್ದರು. ಹಲ್ಲಿ ಮಾತ್ರ ನಗದೆ, ನೋಡಿ ನೋಡಿಯೇ ಕಲಿತಳು.

ಗೋಡೆಯ ಒಂದೇ ತಂತಿಯ ಮೇಲೆ ಎದುರುಬದುರು ಬಂದ ಇರುವೆ ಸಾಲುಗಳು ಸಿಕ್ಕಿಕೊಂಡು, ಹೊತ್ತ ಮೊಟ್ಟೆಗಳು ಉದುರುತ್ತಿದ್ದವು.

"ನನ್ನ ಬಾಲ ಎತ್ತಿದರೆ ನಿಲ್ಲಿ, ಇಳಿಸಿದರೆ ಹೊರಡಿ, ಒಮ್ಮೆಗೆ ಒಂದೇ ಸಾಲು," ಎಂದಳು ಹಲ್ಲಿ.

"ನಿಮ್ಮ ಬಾಯಿ ಮುಂದೆಯೇ ಹಾಯಬೇಕಲ್ಲ ತಾಯಿ!" ಎಂದಳು ಮುದಿ ಇರುವೆ. "ಮೊದಲು ನಾನೊಬ್ಬಳೇ ಬರುತ್ತೇನೆ. ನುಂಗಿದರೆ ನೀವು ಫೇಲು."

ಸಕ್ಕರೆ ಹೊತ್ತ ಮುದುಕಿ ಮೂಗಿನಡಿಯೇ ನಡೆದಳು. ಹಲ್ಲಿಯ ಗಂಟಲು ಉಬ್ಬಿತು, ಇಳಿಯಿತು. ಬಾಯಿ ಮಾತ್ರ ತೆರೆಯಲಿಲ್ಲ.

"ಹೊಟ್ಟೆ ತುಂಬಿರಬೇಕು," ಎಂದಿತು ಗಡಿಯಾರ.

"ನಿನ್ನೆಯಿಂದ ಉಪವಾಸ," ಎಂದು ಹಲ್ಲಿ ಬಾಲ ಇಳಿಸಿದಳು. ಎದುರಿನ ಸಾಲು ಕಾಯುತ್ತಿರಲು, ಒಂದು ಮೊಟ್ಟೆಯೂ ಉದುರದೆ ಮುದುಕಿಯ ಇಡೀ ಸಾಲು ದಾಟಿತು.

ಈಗ ಆ ತಂತಿ ಹಲ್ಲಿಯದು. ಅದಕ್ಕೆ ಬೆಲೆಯನ್ನೂ ತೆತ್ತಿದ್ದಾಳೆ: ಊಟಕ್ಕೆ ದಿನವೂ ಕೆಳಗಿನ ಟಿಕೆಟ್ ಕೌಂಟರಿನ ದೀಪದವರೆಗೆ ಹೋಗಿಬರಬೇಕು, ಅಲ್ಲಿಯೂ ಇರುವೆ ಕಂಡರೆ ಬಾಯಿ ತೆರೆಯುವ ಮೊದಲೇ ಬಾಲ ಇಳಿದುಬಿಡುತ್ತದೆ.